ಉಪ್ಪುಖಾರ ಹಚ್ಚಿ ಕಳಿಸಿದ ಮಾತು

ಇವತ್ತು ಗುರುವಾರ. ನಾನು ಹುಲಿಗೆವ್ವ. ಕುಕನೂರಿನಿಂದ ಬಸ್ಸಿನಲ್ಲಿ ಅರ್ಧ ತಾಸು ಬಂದರೆ ನಮ್ಮೂರು. ಇಲ್ಲಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ, ಈಗ ನಿವೃತ್ತಿ. ವಾರ, ಹೆಸರು, ಊರು ಮೊದಲು ಯಾಕೆ ಹೇಳಿದೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಇದನ್ನು ಬರೆಯಲಿಕ್ಕೆ ಹಚ್ಚಿದವಳು ಲಕ್ಷ್ಮಿ. ನನ್ನ ಜಾಗಕ್ಕೆ ಬಂದ ಹೊಸ ಸಹಾಯಕಿ. ಈ ಸಲ ಊರಲ್ಲಿ ಡೆಂಗಿ ಜ್ವರ ಬಂದಾಗ ನೀರಿನ ತೊಟ್ಟಿ ಖಾಲಿ ಮಾಡಿ ತಿಕ್ಕಿ ಒಣಗಿಸ್ರಿ ಅಂತ ಮನೆ ಮನೆಗೆ ಹೋಗಿ ಹೇಳಿದಳು. ಯಾರೂ ಕೇಳಲಿಲ್ಲ. ಅದೇ ಜನ ಮೊಬೈಲಿನಲ್ಲಿ ಏನೋ ಬಂತು ಅಂತ ಪಪ್ಪಾಯಿ ಎಲೆ ಹುಡುಕಿಕೊಂಡು ಹೊಲ ಹೊಲ ತಿರುಗಿದರು. ಲಕ್ಷ್ಮಿ ನನ್ನ ಕಟ್ಟೆಗೆ ಬಂದು ಕೂತಳು.

“ಆಯೀ, ನಾ ಎದುರಿಗೆ ನಿಂತು ಹೇಳಿದ್ದು ಯಾಕ ನಂಬಂಗಿಲ್ಲ? ಎಲ್ಲಿಂದ್ಲೋ ಬಂದದ್ದು ಯಾಕ ನಂಬ್ತಾರ? ನಂಬಿದ್ರ ನಂಬಲಿ, ಊರಿಗೆಲ್ಲ ಯಾಕ ಕಳಿಸ್ತಾರ?”

“ಅದು ನನಗ ಗೊತ್ತೈತಿ. ನಾನೂ ಕಳಿಸೀನಿ,” ಅಂದೆ.

“ಹಂಗಾರ ಬರದು ಕೊಡ್ರಿ. ಹೊಸಾ ಸಹಾಯಕಿ ಹುಡುಗ್ಯಾರ ಮೀಟಿಂಗಿನ್ಯಾಗ ಓದತೀನಿ.”

ನಾನು ಶಾಲೆ ಕಲಿತದ್ದು ಎರಡನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಅಂಗನವಾಡಿಯಲ್ಲಿ ಶಾಂತಾ ಟೀಚರ್ ದಿನಾ ಬೋರ್ಡಿನ ಮೇಲೆ ಆವತ್ತಿನ ವಾರ ಬರೆಯೋರು, ಒರೆಸೋದು ನನ್ನ ಕೆಲಸ. ಒರೆಸಿ ಒರೆಸಿ ವಾರದ ಹೆಸರು ಕಲಿತೆ. ಆಮೇಲೆ ಮಕ್ಕಳ ಹಿಂದೆ ಕೂತು ಉಳಿದ ಅಕ್ಷರ. ಇದರಲ್ಲಿ ತಪ್ಪು ಕಂಡರೆ ಅದು ನನ್ನದು, ಛಲೋ ಕಂಡರೆ ಲಕ್ಷ್ಮಿ ತಿದ್ದಿದ್ದಾಳೆ ಅಂತ ತಿಳಿಯಿರಿ.

ಸಹಾಯಕಿ ಅಂದರೆ ಕಸ ಹೊಡೆಯೋದು, ಒಲೆ ಹಚ್ಚೋದು, ಮಕ್ಕಳ ಮೂಗು ಒರೆಸೋದು ಅಂತ ನಿಮಗೆ ಹೇಳಿರುತ್ತಾರೆ. ಖರೇ. ಆದರೆ ಎಲ್ಲಕ್ಕಿಂತ ದೊಡ್ಡ ಕೆಲಸ ಕರೆಯೋದು. ತೂಕ ಮಾಡುವ ದಿನ ಕರೆಯಬೇಕು, ಇಂಜೆಕ್ಷನ್ ದಿನ ಕರೆಯಬೇಕು, ಸಿಸ್ಟರ್ ಬಂದರೆ ಬಸುರಿ ಹೆಂಗಸರನ್ನು ಕರೆಯಬೇಕು. ನೀವು ಕರೆಯೋ ಹೊತ್ತಿಗೆ ಒಬ್ಬಳು ರೊಟ್ಟಿ ಬಡಿಯುತ್ತಿರುತ್ತಾಳೆ, ಒಬ್ಬಳು ಕಳೆ ತೆಗೆಯಲಿಕ್ಕೆ ಹೊರಟಿರುತ್ತಾಳೆ. “ತೂಕ ಮಾಡ್ತಾರ, ಬರ್ರಿ” ಅಂದರೆ “ಹೂಂ” ಅಂತಾರೆ, ಬರೋದಿಲ್ಲ.

ಮೊದಲಿನ ಒಂದು ವರ್ಷ ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ. ನಾಲ್ಕು ಜನ ಬರುತ್ತಿದ್ದರು. ಆಮೇಲೆ ಉಪ್ಪುಖಾರ ಹಚ್ಚಲಿಕ್ಕೆ ಕಲಿತೆ. “ಇವತ್ತ ಬಂದೋರಿಗಷ್ಟ ಹಿಟ್ಟಿನ ಪಾಕೀಟು, ನಾಳಿಗೆ ಖಾಲಿ” ಅಂದೆ. ಅಂಗಳ ತುಂಬಿತು. ಶಾಂತಾ ಟೀಚರ್ ನನ್ನನ್ನು ಬದಿಗೆ ಕರೆದರು.

“ಹುಲಿಗೆವ್ವಾ, ಏನ ಹೇಳಿ ಕರಕೊಂಡು ಬಂದಿ?”

“ಅದನ್ನ ನೀವು ಕೇಳಬ್ಯಾಡ್ರಿ. ತೂಕ ಮಾಡ್ರಿ.”

ಅವರು ಮತ್ತೆ ಕೇಳಲಿಲ್ಲ. ಛಲೋ ಹೆಣ್ಣುಮಗಳು. ಕೆಲಸ ಆದರೆ ಸಾಕು ಅನ್ನೋ ಪೈಕಿ.

ಪೋಲಿಯೋ ಹನಿ ಹಾಕುವ ಭಾನುವಾರ ಒಬ್ಬಳು ಮಗನನ್ನು ಜೋಳದ ಚೀಲಗಳ ಹಿಂದೆ ಮುಚ್ಚಿಟ್ಟು “ನನ್ನ ತವರಿಗೆ ಹೋಗ್ಯಾನ” ಅಂದಳು. ಚೀಲದ ಹಿಂದಿನಿಂದ “ಹೌದು, ನಾ ಹೋಗೀನಿ” ಅಂತ ದನಿ ಬಂತು. ಎಲ್ಲರೂ ನಕ್ಕರು. ಆದರೂ ಅವಳು ಬಿಡಲಿಲ್ಲ, ಹನಿ ಹಾಕಿಸಿದರೆ ಮುಂದೆ ಮಕ್ಕಳಾಗೋದಿಲ್ಲ ಅಂತ ಯಾರೋ ಹೇಳಿದ್ದರಂತೆ. ನಾನು “ಹಾಕಿಸದಿದ್ರ ಸಾಲಿಗೆ ಹೆಸರ ಹಚ್ಚಂಗಿಲ್ಲ, ಆರ್ಡರ್ ಬಂದೈತಿ” ಅಂದೆ. ಅಂಥ ಆರ್ಡರ್ ಎಲ್ಲೂ ಇರಲಿಲ್ಲ. ಹುಡುಗ ಬಾಯಿ ತೆರೆದ.

ಇಂಥ ಸುಳ್ಳಿಗೆ ಒಂದು ಗುಣ ಇತ್ತು. ಸಂಜೆಗೆ ಆರಿ ಹೋಗುತ್ತಿತ್ತು. ಬಾಯಿಂದ ಬಂತು, ಕೆಲಸ ಮಾಡಿತು, ಹೋಯಿತು.

ಎಲ್ಲ ಸಲ ಹಾಗಾಗಲಿಲ್ಲ. ರಕ್ತ ಹೆಚ್ಚಾಗಲಿ ಅಂತ ಬಸುರಿಯರಿಗೆ ಕೊಡುವ ಕೆಂಪು ಗುಳಿಗೆ ಇದೆಯಲ್ಲ, ಅದನ್ನು ಯಾರೂ ನುಂಗುತ್ತಿರಲಿಲ್ಲ, ತಿಪ್ಪೆಗೆ ಹಾಕುತ್ತಿದ್ದರು. ನಾನು “ಇದನ್ನ ನುಂಗಿದ್ರ ಕೂಸು ಕೆಂಪಗ ಹುಟ್ಟತೈತಿ” ಅಂದೆ. ಗುಳಿಗೆ ಸಾಲಲಿಲ್ಲ! ಒಬ್ಬಳಂತೂ ಇನ್ನಷ್ಟು ಕೆಂಪಗೆ ಹುಟ್ಟಲಿ ಅಂತ ದಿನಕ್ಕೆ ಮೂರು ನುಂಗಿ ಹೊಟ್ಟೆನೋವು ಬರಿಸಿಕೊಂಡು ಸಿಸ್ಟರ್ ಹತ್ತಿರ ಓಡಿದಳು. ಸಿಸ್ಟರ್ ನನಗೆ ಬೈದರು. ಸಾಲದ್ದಕ್ಕೆ ಕೂಸು ಕಪ್ಪಗೆ ಹುಟ್ಟಿತು. ಅದರ ಅಜ್ಜಿ ಅಂಗನವಾಡಿ ಬಾಗಿಲಿಗೆ ಬಂದು ನಿಂತಳು.

“ಏನಬೇ ಹುಲಿಗೆವ್ವ, ನಿನ್ನ ಗುಳಿಗಿ ಎಲ್ಲಿ ಹೋತು?”

“ನಿನ್ನ ಮಗನ ಬಣ್ಣದ ಮುಂದ ಗುಳಿಗಿದು ಏನ ನಡಿತೈತಿ?” ಅಂದೆ. ಆಕೆಯೂ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು. ಅದರಿಂದ ನಾನು ಬುದ್ಧಿ ಕಲಿಯಬೇಕಿತ್ತು. ಕಲಿಯಲಿಲ್ಲ.

ಆಮೇಲೆ ಮೊಬೈಲು ಬಂತು. ನಮ್ಮ ಸೂಪರ್‌ವೈಸರ್ ಮೇಡಂ “ಇನ್ನ ಮನಿ ಮನಿಗೆ ತಿರಗೂದು ಬ್ಯಾಡ, ತಾಯಂದಿರ ಗ್ರೂಪ್ ಮಾಡ್ರಿ, ಅದರಾಗ ಹಾಕ್ರಿ” ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಭಾಳ ಖುಷಿ ಆಯಿತು. ಮೊಣಕಾಲು ನೋಯುತ್ತಿತ್ತು. ಟೈಪು ಮಾಡಲಿಕ್ಕೆ ಬರುತ್ತಿರಲಿಲ್ಲ, ಗುಂಡಿ ಒತ್ತಿ ಹಿಡಿದು ವಾಯ್ಸ್ ಹಾಕೋದು ಕಲಿತೆ. ಒಲೆ ಮುಂದೆ ಕೂತು ಉಪ್ಪಿಟ್ಟು ತಿರುವುತ್ತ ಇಡೀ ಊರನ್ನು ಕರೆದರೆ ಯಾರಿಗೆ ಬೇಡ?

ಕೊರೊನಾ ಬಂದಾಗ ಆ ಗ್ರೂಪು ಉರಿಯಲಿಕ್ಕೆ ಹತ್ತಿತು. ಮೂಗಿಗೆ ನಿಂಬೆರಸ ಹಾಕಿ, ಬೆಳ್ಳುಳ್ಳಿ ಹಾರ ಹಾಕಿ, ಬಿಸಿನೀರಲ್ಲಿ ಅರಿಶಿನ ಕುದಿಸಿ ಮೂರು ಹೊತ್ತು ಕುಡಿಯಿರಿ. ಎಲ್ಲರಿಗಿಂತ ಮೊದಲು ಕಳಿಸುತ್ತಿದ್ದವನು ಕಿರಾಣಿ ಅಂಗಡಿ ಶರಣಪ್ಪ. ತಾಯಂದಿರ ಗ್ರೂಪಿನಲ್ಲಿ ಅವನಿರಲಿಲ್ಲ, ಹೆಂಡತಿಯ ಮೊಬೈಲಿಂದ ಕಳಿಸುತ್ತಿದ್ದ. ಒಂದು ದಿನ ಸಕ್ಕರೆಗೆ ಹೋದಾಗ ಕೇಳಿದೆ.

“ಶರಣಪ್ಪಾ, ಮೂಗಿನ್ಯಾಗ ನಿಂಬಿರಸ ಹಾಕ್ಕೊಂಡಿ ಏನ?”

“ನಾ ಯಾಕ ಹಾಕ್ಕೊಳ್ಳಲಿಬೇ? ಉರೀತೈತಿ.”

“ಮತ್ತ ನಮಗ ಯಾಕ ಕಳಿಸಿದಿ?”

ಅವನು ತಕ್ಕಡಿ ಕೆಳಗಿಟ್ಟ. “ನೋಡಬೇ ಯವ್ವಾ. ಸುಳ್ಳಿದ್ರ ಯಾರಿಗೇನ ಹೋಗತೈತಿ? ಖರೇ ಇದ್ದು, ನಾ ಹೇಳದ ಇದ್ದು, ನಾಳಿ ಯಾರಿಗರ ಏನರ ಆದ್ರ? ಶರಣಪ್ಪಗ ಗೊತ್ತಿತ್ತು, ಹೇಳಲಿಲ್ಲ ಅಂತಾರ.”

ಅದನ್ನು ಅವನು ತಮಾಷೆಗೆ ಹೇಳಲಿಲ್ಲ. ಹುಡುಗ್ಯಾರಾ, ನೀವು ಇದನ್ನು ನೆನಪಿಡಿ. ಕಳಿಸುವವರೆಲ್ಲ ಮೂರ್ಖರಲ್ಲ, ಕೆಟ್ಟವರಂತೂ ಅಲ್ಲ. ಬಾಗಿಲು ಹಾಕಿಕೊಂಡು ಕೂತ ದಿನಗಳು ಅವು. ತಮ್ಮವರಿಗೆ ಏನು ಮಾಡಬೇಕು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಕಳಿಸಿದರೆ ಏನೋ ಮಾಡಿದ ಹಾಗೆ. ಮತ್ತೆ ಯಾವುದನ್ನು ಕಳಿಸುತ್ತಾರೆ? ಕೈ ತೊಳೆಯಿರಿ ಅನ್ನೋದನ್ನು ಯಾರೂ ಕಳಿಸಲಿಲ್ಲ. ಅದು ಸಪ್ಪೆ, ಎಲ್ಲರಿಗೂ ಗೊತ್ತಿರೋದು. ಎದೆ ಝಲ್ ಅನ್ನಬೇಕು, ಇಲ್ಲಾ ಇದು ನನಗೊಬ್ಬನಿಗೇ ಗೊತ್ತು ಅನ್ನಿಸಬೇಕು. ಅದು ಓಡುತ್ತದೆ.

ಇಷ್ಟೆಲ್ಲ ತಿಳಿದ ನಾನು ಏನು ಮಾಡಿದೆ ಕೇಳಿ.

ಅದೇ ಕೊರೊನಾ ದಿನಗಳಲ್ಲಿ ಒಂದು ಸೋಮವಾರ ಸಂಜೆ ಸಿಸ್ಟರ್ ಫೋನ್ ಮಾಡಿದರು. ನಾಳೆ ದೊಡ್ಡ ದವಾಖಾನೆಯ ಹೆರಿಗೆ ವಾರ್ಡಿಗೆ ಔಷಧ ಹೊಡೆಯುತ್ತಾರೆ, ತಪಾಸಣೆಗೆ ಯಾರೂ ಹೋಗೋದು ಬೇಡ, ಬುಧವಾರ ಹೋಗಲಿ ಅಂತ. ಅಷ್ಟೇ ಮಾತು. ನಾಳೆ ಹೋಗುವವರು ಊರಲ್ಲಿ ಮೂವರಿದ್ದರು. ಅವರಲ್ಲಿ ಒಬ್ಬಳು ಹಟಮಾರಿ. ಬೇಡ ಅಂದರೆ ಬೇಕು ಅನ್ನುವ ಜಾತಿ. ಸಪ್ಪೆ ಮಾತು ಹೇಳಿದರೆ ಗಾಡಿ ಮಾಡಿಕೊಂಡು ಹೊರಟೇಬಿಡುತ್ತಾಳೆ ಅನ್ನಿಸಿತು. ನನ್ನ ಹಳೇ ಕೈ ಉಪ್ಪಿನ ಡಬ್ಬಿಗೆ ಹೋಯಿತು. ಗುಂಡಿ ಒತ್ತಿ ಹಿಡಿದೆ.

“ದೊಡ್ಡ ದವಾಖಾನಿಗೆ ಬಸರ ಹೆಣ್ಮಕ್ಳು ಯಾರೂ ಹೋಗಬ್ಯಾಡ್ರಿ. ಹೋದೋರು ತಿರುಗಿ ಬರವಲ್ರು. ನಾ ಅಂಗನವಾಡಿ ಹುಲಿಗೆವ್ವ, ಸ್ವತಃ ಹೇಳಾಕತ್ತೀನಿ.”

ಮರುದಿನ ಮೂವರೂ ಮನೆಯಲ್ಲಿದ್ದರು. ಬುಧವಾರ ನಾನೇ ಅವರ ಮನೆಗಳಿಗೆ ಹೋಗಿ “ಎಲ್ಲಾ ಸರಿ ಆಗೈತಿ, ಹೋಗ್ರಿ” ಅಂದೆ. ಹೋಗಿ ಬಂದರು. ಗ್ರೂಪಿನಲ್ಲಿ ಏನೂ ಹಾಕದೆ ನಾನು ಮರೆತುಬಿಟ್ಟೆ. ಸಂಜೆಗೆ ಆರಿ ಹೋಗೋ ಮಾತು ಅಂತ ತಿಳಿದಿದ್ದೆ.

ಎರಡು ವಾರ ಬಿಟ್ಟು ಗಂಗಾವತಿಯಿಂದ ನನ್ನ ತಂಗಿ ಫೋನ್ ಮಾಡಿದಳು. ಭತ್ತದ ಕೆಲಸಕ್ಕೆ ಅಂತ ಹೋಗಿ ಅಲ್ಲೇ ಉಳಿದವಳು.

“ಅಕ್ಕಾ, ಒಂದು ವಾಯ್ಸ್ ಬಂದೈತಿ. ಥೇಟ್ ನಿನ್ನ ದನೀನ.”

ಹಾಕು ಅಂದೆ, ಹಾಕಿದಳು. ಹಿಂದೆ ಉಪ್ಪಿಟ್ಟಿನ ಚಮಚದ ಸಪ್ಪಳ ಕೂಡ ಇತ್ತು. ಯಲಬುರ್ಗಾದವರು ಯಾರೋ ಕುಷ್ಟಗಿಗೆ ಕಳಿಸಿ, ಅಲ್ಲಿಂದ ಗಂಗಾವತಿಗೆ ಹೋಗಿತ್ತು. ನಾನು ಬಸ್ಸು ಹತ್ತಿ ಅಷ್ಟು ದೂರ ಹೋದದ್ದು ಎರಡೇ ಸಲ.

“ಅದು ಹಳೇದು, ಸುಳ್ಳು ಐತಿ, ಅಳಿಸಿಬಿಡು,” ಅಂದೆ.

“ನಾ ಹದಿನೈದು ಮಂದಿಗೆ ಕಳಿಸೀನಲ್ಲ?” ಅಂದಳು.

ನನಗೆ ಆವತ್ತು ಉಪ್ಪಿಟ್ಟು ಸೇರಲಿಲ್ಲ. ಆದರೂ ಅದು ಸುಳ್ಳು ಅಂತ ಗ್ರೂಪಿನಲ್ಲಿ ಹಾಕಲಿಲ್ಲ. ಯಾರಿಗೂ ಏನೂ ಆಗಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಅದೇ ವಾರ ಸಿಸ್ಟರ್ ನನ್ನನ್ನು ಕರೆದುಕೊಂಡು ಈರವ್ವನ ಮನೆಗೆ ಹೋದರು. ಈರವ್ವ ನನ್ನ ವಾರಿಗೆಯವಳು, ಒಂದೇ ಓಣಿ. ಅವಳ ಸೊಸೆ ರೇಣುಕಾ ತುಂಬಿದ ಬಸುರಿ, ಚೊಚ್ಚಲು. ಕಾಲು ನೋಡಿದರೆ ಬಾತು ಕಂಬದ ಹಾಗಾಗಿದ್ದವು. ಸಿಸ್ಟರ್ ಬಿಪಿ ನೋಡಿದರು, ಇನ್ನೊಮ್ಮೆ ನೋಡಿದರು. ಪಟ್ಟಿ ಬಿಚ್ಚುತ್ತ, “ಈಗಿಂದೀಗ ದೊಡ್ಡ ದವಾಖಾನಿಗೆ ಹೋಗಬೇಕ್ರಿ. ತಾಯಿಗೂ ಕೂಸಿಗೂ ಇಬ್ಬರಿಗೂ ಅಪಾಯ ಐತಿ,” ಅಂದರು.

“ಕಳಿಸಂಗಿಲ್ಲ,” ಅಂದಳು ಈರವ್ವ.

ಒಳಗೆ ಹೋಗಿ ಮೊಬೈಲು ತಂದಳು. ಒತ್ತಿದಳು. ನನ್ನ ದನಿ ಪಡಸಾಲೆ ತುಂಬ ಆಡಿತು.

“ಇದು ಯಾರ ದನಿ?”

“ನಂದ.”

“ಹಂಗಾರ?”

“ಸುಳ್ಳ ಹೇಳಿದ್ದೆ, ಈರವ್ವಾ. ಒಂದ ದಿನದ ಸಲವಾಗಿ ಹೇಳಿದ್ದು. ಔಷಧಾ ಹೊಡಿಯಾಕತ್ತಿದ್ರು, ಮಂದಿ ನಿಲ್ಲಲಿ ಅಂತ.”

“ಆವಾಗ ಸುಳ್ಳ ಹೇಳಿದ್ಯೋ, ಈಗ ಹೇಳಾಕತ್ತೀಯೋ?”

ಆಕೆ ಸಿಸ್ಟರ್ ಕಡೆ ಬೊಟ್ಟು ಮಾಡಿದಳು.

“ಈಗ ನಿನ್ನ ಹಿಂದ ಇವರು ನಿಂತಾರ. ಹೇಳು ಅಂದದ್ದನ್ನ ಹೇಳತಿ. ಆವತ್ತ ನೀ ಒಬ್ಬಾಕೆ ಒಲಿ ಮುಂದ ಕುಂತು ಹೇಳಿದ್ದು. ಯಾರ ಅಂಜಿಕಿನೂ ಇರಲಿಲ್ಲ. ನಾ ಯಾವ ಹುಲಿಗೆವ್ವನ್ನ ನಂಬಲಿ?”

ಮೂವತ್ತು ವರ್ಷ ಎದುರಿಗೆ ನಿಂತು ಸುಳ್ಳು ಹೇಳಿದಾಗ ನಂಬಿದ ಹೆಂಗಸು, ಎದುರಿಗೆ ನಿಂತು ಖರೇ ಹೇಳಿದಾಗ ನಂಬಲಿಲ್ಲ. ಆಕೆಯ ಲೆಕ್ಕ ತಪ್ಪು ಅಂತ ನಾನು ಇವತ್ತಿಗೂ ಅನ್ನೋದಿಲ್ಲ.

“ನನ್ನ ಹೆಣ್ಮಕ್ಳಿಬ್ಬರಿಗೂ ಇದನ್ನ ಕಳಿಸೀನಿ,” ಅಂದಳು ಈರವ್ವ, ದನಿ ಸಣ್ಣದು ಮಾಡಿ. “ದೂರ ಅದಾವ. ಹೋಗಿ ನೋಡಾಕ ಬಸ್ಸಿಲ್ಲ. ಇದನ್ನ ಕಳಿಸೂದೊಂದರ ನನ್ನ ಕೈಯಾಗಿತ್ತು.”

ಆಗ ಗೋಡೆಗೆ ಒರಗಿ ಕೂತಿದ್ದ ರೇಣುಕಾ ಬಾಯಿ ಬಿಟ್ಟಳು. “ಅತ್ತೀ, ನನಗ ನಿನ್ನಿ ಮುಂಜಾನಿಂದ ಕಣ್ಣ ಮಂಜ ಆಗಾಕತ್ತಾವ.”

“ನಿನ್ನಿ ಮುಂಜಾನಿಂದ? ಹೇಳಬಾರದೇನ ಹುಡುಗೀ?” ಅಂದಳು ಈರವ್ವ.

“ಹೇಳಿದ್ರ ದವಾಖಾನಿಗೆ ಒಯ್ತಾರ ಅಂತ ಅಂಜಿದೆ. ಇವರ ದನಿ ನಾನೂ ಕೇಳೀನಲ್ಲ.”

ಸಿಸ್ಟರ್ ನನ್ನ ಕಡೆ ತಿರುಗದೆ ಅಂಬುಲೆನ್ಸಿಗೆ ಫೋನ್ ಹಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

ನಾನು ಮನೆಗೆ ಹೋದೆ. ಒಂದು ಸೀರೆ, ಒಂದು ಕೌದಿ, ತಾಟು, ಲೋಟ ಚೀಲಕ್ಕೆ ಹಾಕಿಕೊಂಡು ಈರವ್ವನ ಕಟ್ಟೆಗೆ ಬಂದು ಕೂತೆ.

“ಎಲ್ಲಿಗೆ?” ಅಂದಳು.

“ದವಾಖಾನಿಗೆ. ಆಕಿ ಕೂಡ ಹೋಗ್ತೀನಿ, ಆಕೀ ಮಂಚದ ಕೆಳಗ ಮಲಗತೀನಿ. ಆಕಿ ಬರದಿದ್ರ ನಾನೂ ಬರಂಗಿಲ್ಲ. ಈಗರ ನಂಬತೀಯೋ ಇಲ್ಲೋ?”

ಈರವ್ವ ಚೀಲ ನೋಡಿದಳು. ಬಾಯಿ ಬಿಚ್ಚಿ ಒಳಗೂ ನೋಡಿದಳು. ತಾಟು ಇದೆ ಅಂತ ಖಾತ್ರಿ ಮಾಡಿಕೊಂಡಳು ಅಂತ ಕಾಣುತ್ತದೆ. ಒಳಗೆ ಹೋಗಿ ನಾಲ್ಕು ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ಬಂದು ನನ್ನ ಚೀಲಕ್ಕೆ ತುರುಕಿದಳು. “ಜ್ವಾಕಿ,” ಅಂದಳು. ಸೊಸೆಗೆ ಹೇಳಿದಳೋ ನನಗೋ ಗೊತ್ತಾಗಲಿಲ್ಲ. ಅಂಬುಲೆನ್ಸ್ ಬರುವ ತನಕ ರೇಣುಕಾ ನನ್ನ ಕೈ ಬಿಡಲಿಲ್ಲ.

ದವಾಖಾನೆಯಲ್ಲಿ ಮಂಚದ ಕೆಳಗೆ ಮಲಗಲಿಕ್ಕೆ ಬಿಡಲಿಲ್ಲ, ಬಾಗಿಲ ಹೊರಗೆ ಬೆಂಚಿನ ಮೇಲೆ ಇದ್ದೆ. ನನಗೇನು ಅಂಜಿಕೆ ಇರಲಿಲ್ಲವೇ? ಇತ್ತು. ನಾನೇ ಹೇಳಿದ ಮಾತು ನನ್ನ ಕಿವಿಯಲ್ಲಿ ಕುಟ್ಟುತ್ತಿತ್ತು. ಮರುದಿನ ಮಧ್ಯಾಹ್ನ ಆಪರೇಷನ್ ಮಾಡಿ ಕೂಸು ತೆಗೆದರು. ಹೆಣ್ಣು. ಇಲಿಮರಿ ಅಷ್ಟಿತ್ತು, ದನಿ ಮಾತ್ರ ಕಂಡಕ್ಟರಂದು. ರೇಣುಕಾಗೆ ಬಿಪಿ ಇಳಿಯಲಿಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಆಮೇಲೆ ಡಾಕ್ಟರು “ಇನ್ನು ಚಿಂತೆಯಿಲ್ಲ” ಅಂದರು.

ಆಗ ನಾನು ಮೊಬೈಲು ತೆಗೆದೆ. ಗುಂಡಿ ಒತ್ತುವ ಮೊದಲು ಈ ಸಲ ವಿಚಾರ ಮಾಡಿದೆ. ಟೀಚರ್ ಬೋರ್ಡು ಕಣ್ಣಿಗೆ ಬಂತು. ದಿನಾ ಬೆಳಿಗ್ಗೆ ಮೊದಲು ವಾರ. ನಿನ್ನೆಯದನ್ನು ಒರೆಸಿದ ಮೇಲೇ ಇವತ್ತಿನದು. ನಾನು ದಿನಾ ಒರೆಸಿದವಳು, ನನ್ನ ಮಾತಿಗೆ ವಾರ ಬರೆಯಲಿಲ್ಲ, ಒರೆಸಲೂ ಇಲ್ಲ.

“ಇವತ್ತ ಶುಕ್ರವಾರ. ನಾ ಹುಲಿಗೆವ್ವ, ದೊಡ್ಡ ದವಾಖಾನಿ ಬೆಂಚಿನ ಮ್ಯಾಲ ಕುಂತೀನಿ. ಹೋದೋರು ಬರವಲ್ರು ಅಂತ ಮೊದಲ ಹೇಳಿದ್ದೆನಲ್ಲ, ಅದು ಸುಳ್ಳು. ಉಪ್ಪುಖಾರ ಹಚ್ಚಿ ಹೇಳಿದ್ದು. ಈರವ್ವನ ಸೊಸಿ ಹಡದಾಳ, ಇಬ್ಬರೂ ಛಲೋ ಅದಾರ.” ರೇಣುಕಾಳ ಕೈಗೆ ಕೊಟ್ಟೆ. ಆಕೆ ಅಂದದ್ದು ಇಷ್ಟೇ: “ಅತ್ತೀ, ಬಾಣಂತಿ ಖಾರ ಕುಟ್ಟಿಟ್ಟಿರೇನು?” ಅಷ್ಟರಲ್ಲಿ ಕೂಸು ಕಿರುಚಿತು.

ಅದು ಎಲ್ಲಿಗೆ ಹೋಯಿತು ಗೊತ್ತೇ? ನಮ್ಮ ಎರಡು ಓಣಿ ದಾಟಲಿಲ್ಲ. ಸುಳ್ಳು ಗಂಗಾವತಿಗೆ ಹೋಗಿತ್ತು, ಖರೇ ಮಾತು ನೀರಿನ ಟ್ಯಾಂಕಿನ ಹತ್ತಿರ ನಿಂತಿತು. ಯಾರೋ ಹಡೆದರು, ಛಲೋ ಇದ್ದಾರೆ ಅನ್ನೋದನ್ನು ಯಾರು ಯಾರಿಗೆ ಕಳಿಸುತ್ತಾರೆ?

ಆದರೆ ನಾವು ಊರಿಗೆ ಬಂದಾಗ ಶಾಂತಾ ಟೀಚರ್ ಒಂದು ವಿಷಯ ಹೇಳಿದರು. ಆ ಶುಕ್ರವಾರ ಈರವ್ವ ಮೊಬೈಲು ಕೈಯಲ್ಲಿ ಹಿಡಿದು, ಸೆರಗು ಮೂಗಿಗೆ ಕಟ್ಟಿಕೊಂಡು, ಬಸುರಿಯರಿದ್ದ ಒಂದೊಂದೇ ಮನೆಯ ಅಂಗಳದಲ್ಲಿ ನಿಂತು ವಾಯ್ಸ್ ಕೇಳಿಸಿದ್ದಳಂತೆ. “ಕಳಿಸಬಾರದೇನಬೇ, ಯಾಕ ತಿರಗತಿ?” ಅಂದವರಿಗೆ “ಕಳಿಸಿದ್ರ ನೀವು ಕೇಳ್ತೀರೋ ಇಲ್ಲೋ, ನನಗ ಹ್ಯಾಂಗ ಗೊತ್ತಾಗಬೇಕು? ಕೇಳ್ರಿ, ಏನರ ಕೇಳೂದಿದ್ರ ನನ್ನ ಕೇಳ್ರಿ” ಅಂದಳಂತೆ. ನನ್ನ ಕೆಲಸವನ್ನು ಆಕೆ ಮಾಡಿದ್ದಳು, ನನಗಿಂತ ಛಲೋ ಮಾಡಿದ್ದಳು. ಮುಂದಿನ ವಾರ ಇಬ್ಬರು ದವಾಖಾನೆಗೆ ಹೋಗಿ ಹಡೆದು ಬಂದರು.

ಸೂಪರ್‌ವೈಸರ್ ಮೇಡಂ ನನ್ನನ್ನು ಕರೆಸಿ ತಪ್ಪೊಪ್ಪಿಗೆ ಬರೆದುಕೊಡು ಅಂದರು. ಬರೆದೆ: ‘ಬುಧವಾರ. ಹುಲಿಗೆವ್ವ. ಸುಳ್ಳು ಹೇಳಿದೆ. ಇನ್ನು ಹೇಳುವುದಿಲ್ಲ.’ ಮೇಡಂ ಓದಿ, ಇಷ್ಟೇನಾ ಅಂದರು. ಇದರ ಮೇಲೆ ಬರೆದರೆ ಉಪ್ಪುಖಾರ ಆಗುತ್ತದೆ ಅಂದೆ. ನಕ್ಕು ಫೈಲಿಗೆ ಹಾಕಿದರು. ಆಮೇಲೆ ನಿವೃತ್ತಿಯ ತನಕ ನಾನು ಮನೆ ಮನೆಗೆ ಹೋಗಿಯೇ ಕರೆದೆ. ಮೊಣಕಾಲು ನೋಯುತ್ತಲೇ ಇದ್ದವು.

ಈಗ ಲಕ್ಷ್ಮಿ ಕೇಳಿದ್ದಕ್ಕೆ ಬರುತ್ತೇನೆ. ಹೋದ ತಿಂಗಳು ಡೆಂಗಿ ಸುದ್ದಿ ಎದ್ದಾಗ ನನ್ನ ಹಳೇ ವಾಯ್ಸ್ ಮತ್ತೆ ಎದ್ದು ಬಂತು. ಅದೇ ದನಿ, ಅದೇ ಚಮಚದ ಸಪ್ಪಳ. ಅದು ಸಾಯೋದಿಲ್ಲ, ನಾನು ಸತ್ತ ಮೇಲೂ ತಿರುಗುತ್ತದೆ. ಈರವ್ವನಿಗೂ ಯಾರೋ ಕಳಿಸಿದರು. ಈಗ ಆಕೆಗೂ ವಾಯ್ಸ್ ಹಾಕಲಿಕ್ಕೆ ಬರುತ್ತದೆ. ಅದರ ಕೆಳಗೆ ಹಾಕಿದಳು:

“ಇವತ್ತ ಮಂಗಳವಾರ. ನಾ ಈರವ್ವ. ಈ ಹುಲಿಗೆವ್ವ ದೊಡ್ಡ ಸುಳ್ಳಿ. ಹುಟ್ಟಿದಾಗಿಂದ ಸುಳ್ಳಿ, ನನಗ ಗೊತ್ತೈತಿ, ಒಂದ ಓಣಿ. ಈಕಿ ಮಾತ ಕೇಳಿದ್ರ ನನ್ನ ಸೊಸಿ ಉಳೀತಿರಲಿಲ್ಲ. ಜ್ವರ ಬಂದ್ರ ದವಾಖಾನಿಗೆ ಹೋಗ್ರಿ. ನನ್ನ ಮೊಮ್ಮಗಳು ಇಲ್ಲೇ ಅದಾಳ, ಕೇಳ್ರಿ.” ಹಿಂದೆಯೇ ಆ ಕಂಡಕ್ಟರ್ ದನಿ ಅಂಗನವಾಡಿ ಹಾಡು ಕಿರುಚಿತು.

ಇದು ಓಡಿತು ನೋಡಿ! ಬೈಗುಳ ಇತ್ತಲ್ಲ. ಯಲಬುರ್ಗಾ ದಾಟಿತು, ಕುಷ್ಟಗಿ ದಾಟಿತು. ನಾಲ್ಕನೇ ದಿನಕ್ಕೆ ಗಂಗಾವತಿಯಿಂದ ನನ್ನ ತಂಗಿಯ ಫೋನು, ಸಿಟ್ಟಿಗೆ ಏದುಸಿರು ಹತ್ತಿತ್ತು.

“ಅಕ್ಕಾ, ನಿನ್ನ ಸುಳ್ಳಿ ಅಂತ ಊರೂರಿಗೆ ಹೇಳಾಕತ್ತಾರಲ್ಲ! ಏನ ಮಾಡಲಿ?”

“ನೀ ಆವತ್ತ ಎಷ್ಟ ಮಂದಿಗೆ ಕಳಿಸಿದ್ದಿ?”

“ಹದಿನೈದು.”

“ಅದ ಹದಿನೈದು ಮಂದಿಗೆ ಇದನ್ನೂ ಕಳಿಸು,” ಅಂದೆ.